ಯಾಯೆಯಾಮ: ಕುರೊಶಿಯೊ ದಾರಿಯ ದ್ವೀಪಗಳು

ಜಪಾನಿನ ನಾಲ್ಕು ದೊಡ್ಡ ದ್ವೀಪಗಳಲ್ಲಿ ದಕ್ಷಿಣದ್ದಾದ ಕ್ಯೂಷುವಿನಿಂದ ತೈವಾನಿನವರೆಗೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಬಾಗಿ ಹಬ್ಬಿರುವ ದ್ವೀಪಮಾಲೆಗೆ ರ್ಯೂಕ್ಯೂ ಎಂದು ಹೆಸರು. ಅದರ ನೈರುತ್ಯದ ಕೊನೆಯಲ್ಲಿರುವ ಗುಂಪೇ ಯಾಯೆಯಾಮ. ಆಡಳಿತದ ಲೆಕ್ಕದಲ್ಲಿ ಇದು ಓಕಿನಾವಾ ಪ್ರಾಂತಕ್ಕೆ ಸೇರಿದ್ದರೂ ಪ್ರಾಂತದ ಮುಖ್ಯಪಟ್ಟಣ ನಾಹಾ ಇಲ್ಲಿಂದ 400 ಕಿಲೋಮೀಟರಿಗೂ ಆಚೆ ಇದೆ. ತೈವಾನಿನ ರಾಜಧಾನಿ ತೈಪೆ ಅದಕ್ಕಿಂತ ಸಮೀಪ. ಗುಂಪಿನ ಪಶ್ಚಿಮದ ಕೊನೆಯ ದ್ವೀಪವಾದ ಯೊನಾಗುನಿಯಿಂದ ತೈವಾನಿನ ಕರಾವಳಿಗೆ ಇರುವ ಅಂತರ 111 ಕಿಲೋಮೀಟರ್ ಮಾತ್ರ. ಉತ್ತರ ಅಕ್ಷಾಂಶ 24 ಡಿಗ್ರಿಯ ಆಸುಪಾಸಿನಲ್ಲಿರುವ ಈ ನೆಲ ಉಪೋಷ್ಣವಲಯಕ್ಕೆ, ಅಂದರೆ ಕರ್ಕಾಟಕ ಸಂಕ್ರಾಂತಿ ವೃತ್ತವನ್ನು ದಾಟಿದ ಮೇಲೆ ಸಮಶೀತೋಷ್ಣಕ್ಕೆ ಹೊರಳುವುದಕ್ಕೆ ಮೊದಲು ಸಿಗುವ ಬೆಚ್ಚನೆಯ ಪಟ್ಟಿಗೆ ಸೇರುತ್ತದೆ. ಇದೇ ಅಕ್ಷಾಂಶದ ಗುಂಟ ಪಶ್ಚಿಮಕ್ಕೆ ಸಾಗಿದರೆ ಕಚ್ಛದ ರಣವೂ ಅರೇಬಿಯಾದ ಮರಳುಗಾಡೂ ಸಹಾರಾವೂ ಎದುರಾಗುತ್ತವೆ; ಯಾಯೆಯಾಮ ಮಾತ್ರ ಹಸುರಾಗಿದೆ. ಫಿಲಿಪ್ಪೀನ್ಸ್ ಕಡೆಯಿಂದ ಉತ್ತರಕ್ಕೆ ಹರಿಯುವ ಕುರೊಶಿಯೊ ಎಂಬ ಬಿಸಿನೀರಿನ ಸಾಗರಪ್ರವಾಹ ತೈವಾನ್ ಮತ್ತು ಯೊನಾಗುನಿಯ ನಡುವೆ ನುಗ್ಗಿ ಪೂರ್ವ ಚೀನಾ ಸಮುದ್ರವನ್ನು ಸೇರುವಾಗ ತನ್ನೊಂದಿಗೆ ಶಾಖವನ್ನೂ ತೇವವನ್ನೂ ತರುತ್ತದೆ. ಇದಕ್ಕೆ ಋತುಮಾರುತಗಳೂ ಚಂಡಮಾರುತಗಳೂ ಜೊತೆಗೂಡುವುದರಿಂದ ಇಶಿಗಾಕಿ ದ್ವೀಪದಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಹವಳಕ್ಕೆ ಬೇಕಾದ ಬೆಚ್ಚನೆಯ ನೀರನ್ನು ಇಷ್ಟು ಉತ್ತರದವರೆಗೆ ಒದಗಿಸಿರುವುದೂ ಇದೇ ಪ್ರವಾಹ.

ಇಲ್ಲಿಗೆ ಬರುವವರು ಮೊದಲು ಇಳಿಯುವುದು ಇಶಿಗಾಕಿಯಲ್ಲಿ. ಸುತ್ತಲ ದ್ವೀಪಗಳಿಗೆ ಹೋಗುವ ದೋಣಿಗಳೆಲ್ಲ ಹೊರಡುವ ಬಂದರಿಗೆ ಸಮೀಪದ ಒಂದು ನಾಲ್ಕುರಸ್ತೆಯಲ್ಲಿ 730 ಎಂದು ಕೆತ್ತಿದ ಕಲ್ಲೊಂದು ನಿಂತಿದೆ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಆಡಳಿತಕ್ಕೆ ಒಳಪಟ್ಟಿದ್ದ ಓಕಿನಾವಾ 1972ರ ಮೇ 15ರಂದು ಜಪಾನಿಗೆ ಮರಳಿತಾದರೂ ವಾಹನಗಳು ಅಮೆರಿಕದ ಪದ್ಧತಿಯಂತೆ ರಸ್ತೆಯ ಬಲಗಡೆಯಲ್ಲೇ ಓಡುತ್ತಿದ್ದವು. 1978ರ ಜುಲೈ 30ರಂದು, ಅಂದರೆ ಏಳನೆಯ ತಿಂಗಳ ಮೂವತ್ತನೆಯ ದಿನ, ಇಡೀ ಪ್ರಾಂತ ಒಂದೇ ಸಲಕ್ಕೆ ಎಡಗಡೆಗೆ ಬದಲಾಯಿತು. ದೋಣಿಯ ಅವಸರದಲ್ಲಿರುವ ಪ್ರವಾಸಿಗಳು ಈ ಕಲ್ಲಿನ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ, ಅದರ ಅರ್ಥವನ್ನು ಕೇಳುವವರು ಕಡಿಮೆ. ಪ್ರವಾಸೋದ್ಯಮದ ಕರಪತ್ರಗಳು ಈ ದ್ವೀಪಗಳನ್ನು ಕಾಲವೇ ಮುಟ್ಟದ ಸ್ವರ್ಗವೆಂದು ಬಣ್ಣಿಸುತ್ತವೆ. ನಿಜಕ್ಕೆ ನೋಡಿದರೆ ಕಾಲ ಇಲ್ಲಿ ಬಲು ಒರಟಾಗಿ ನಡೆದುಕೊಂಡಿದೆ. ಇಂದು ನೋಡುಗರ ಮನಸೆಳೆಯುವ ಕಾಡು, ನೇಯ್ಗೆ, ಹಾಡು, ಹವಳದ ಗೋಡೆಯ ಕೇರಿ ಇವುಗಳಲ್ಲಿ ಹೆಚ್ಚಿನವು ತೆರಿಗೆ, ರೋಗ, ಒತ್ತಾಯದ ವಲಸೆಗಳ ನಡುವೆಯೇ ರೂಪುಗೊಂಡವು ಅಥವಾ ಅವುಗಳಿಂದಾಗಿಯೇ ಉಳಿದವು.

ಇಶಿಗಾಕಿಯಿಂದ ದೋಣಿಯಲ್ಲಿ ಹತ್ತು ಹದಿನೈದು ನಿಮಿಷದ ದಾರಿಯಲ್ಲಿರುವ ತಾಕೆತೊಮಿ ಇದನ್ನು ಅರಿಯಲು ಒಳ್ಳೆಯ ಜಾಗ. ಸುತ್ತಳತೆ ಒಂಬತ್ತು ಕಿಲೋಮೀಟರಿನಷ್ಟಿರುವ ಈ ಚಪ್ಪಟೆ ದ್ವೀಪ ಹವಳದ ಸುಣ್ಣಕಲ್ಲಿನಿಂದಾದದ್ದು. ಇಲ್ಲಿ ಬೆಟ್ಟವಿಲ್ಲ, ಹೊಳೆಯಿಲ್ಲ, ವಾಸಿಸುವವರು ಮುನ್ನೂರ ಚಿಲ್ಲರೆ ಜನ. ಕೇರಿಯ ದಾರಿಗಳಿಗೆಲ್ಲ ಬಿಳಿಯ ಹವಳದ ಮರಳನ್ನು ಹಾಸಲಾಗಿದೆ, ಅದನ್ನು ಮನೆಯವರು ಬೆಳಗ್ಗೆ ಗುಡಿಸಿ ಪೊರಕೆಯ ಗೆರೆಗಳನ್ನು ಮೂಡಿಸಿರುತ್ತಾರೆ. ರಾತ್ರಿ ಸಂಚರಿಸುವ ಹಬು ಎಂಬ ವಿಷದ ಹಾವು ಬೆಳದಿಂಗಳಲ್ಲಿ ಎದ್ದು ಕಾಣಲೆಂದು ಈ ಮರಳು ಹಾಸುವ ರೂಢಿ ಬಂದಿತೆಂದು ಊರವರು ಹೇಳುತ್ತಾರೆ. ದಾರಿಯ ಇಕ್ಕೆಲದಲ್ಲಿ ಗಾರೆಯಿಲ್ಲದೆ ಒಂದರ ಮೇಲೊಂದು ಪೇರಿಸಿದ ಹವಳದ ಕಲ್ಲಿನ ಗೋಡೆಗಳಿವೆ. ಹತ್ತಿರ ಹೋಗಿ ನೋಡಿದರೆ ಒಂದೊಂದು ಕಲ್ಲಿನ ಮೈಯಲ್ಲೂ ಹವಳದ ಹುಳುಗಳು ಬದುಕಿದ್ದ ನಕ್ಷತ್ರಾಕಾರದ ಪುಟ್ಟ ಗೂಡುಗಳು ಸವೆಯದೆ ಉಳಿದಿರುವುದು ಕಾಣುತ್ತದೆ. ಚಂಡಮಾರುತದ ಗಾಳಿ ಕಲ್ಲುಗಳ ಸಂದಿಯಿಂದ ತೂರಿಹೋಗುವುದರಿಂದ ಗಟ್ಟಿ ಗಾರೆಯ ಗೋಡೆಗಿಂತ ಇಂಥ ಗೋಡೆಯೇ ಮೇಲು. ಗೋಡೆಯ ನಡುವಿನ ತೆರಪನ್ನು ದಾಟಿದೊಡನೆ ಮನೆಯ ಬಾಗಿಲು ಕಾಣುವುದಿಲ್ಲ. ಹಿಂಪುನ್ ಎಂಬ ಅಡ್ಡಗೋಡೆ ಎದುರಿಗೆ ನಿಂತು ಬೀದಿಯ ನೋಟವನ್ನೂ, ನಂಬಿಕೆಯ ಪ್ರಕಾರ ಕೆಟ್ಟ ಶಕ್ತಿಗಳನ್ನೂ ತಡೆಯುತ್ತದೆ. ಕೆಂಪು ಹೆಂಚುಗಳ ಸಂದುಗಳಿಗೆ ಬಿಳಿ ಗಾರೆ ಮೆತ್ತಿದ ಚಾವಣಿಯ ಮೇಲೆ ಶೀಸಾ ಎಂಬ ಮಣ್ಣಿನ ಸಿಂಹ ಕಾವಲು ಕೂತಿರುತ್ತದೆ.

ಇದೆಲ್ಲ ಪ್ರಾಚೀನವೆಂದು ತೋರಿದರೂ ಹಾಗಿಲ್ಲ. ಯಾಯೆಯಾಮವನ್ನು ಆಳುತ್ತಿದ್ದ ರ್ಯೂಕ್ಯೂ ರಾಜ್ಯದಲ್ಲಿ ಸಾಮಾನ್ಯ ಜನ ಹೆಂಚಿನ ಮನೆ ಕಟ್ಟುವಂತಿರಲಿಲ್ಲ; ಆ ನಿಷೇಧ ತೆರವಾದದ್ದು 1889ರಲ್ಲಿ, ಅಂದರೆ ಜಪಾನು ಆ ರಾಜ್ಯವನ್ನು ರದ್ದುಮಾಡಿ ಪ್ರಾಂತವನ್ನಾಗಿಸಿದ 1879ಕ್ಕೆ ಹತ್ತು ವರ್ಷಗಳ ಅನಂತರ. ಹಾಗೆಯೇ ಪ್ರವಾಸಿಗರನ್ನು ಕೂರಿಸಿಕೊಂಡು ಕೇರಿ ಸುತ್ತುವ ಗಾಡಿಯ ಕೋಣಗಳ ಪೂರ್ವಜರು ಬಂದದ್ದು 1930ರ ದಶಕದಲ್ಲಿ, ಅನಾನಸ್ ಬೆಳೆಯಲು ಇಶಿಗಾಕಿಗೆ ವಲಸೆ ಬಂದ ತೈವಾನಿನ ರೈತರ ಜೊತೆಗೆ. ಕರಪತ್ರಗಳ ಸನಾತನ ದ್ವೀಪಕ್ಕೆ ಬಹುಮಟ್ಟಿಗೆ ಒಂದು ಶತಮಾನದ ವಯಸ್ಸು ಎನ್ನಬೇಕು.

ನಿಜವಾಗಿಯೂ ಹಳೆಯದಾದದ್ದು ತೆರಿಗೆಯ ನೆನಪು. ಈಗಿನ ಕಾಗೊಶಿಮಾ ಪ್ರದೇಶದ ಸತ್ಸುಮಾ ಎಂಬ ಸಾಮಂತ ಸಂಸ್ಥಾನ 1609ರಲ್ಲಿ ರ್ಯೂಕ್ಯೂವಿನ ಮೇಲೆ ದಂಡೆತ್ತಿ ಬಂದು ಅದನ್ನು ತನ್ನ ಅಂಕೆಯಲ್ಲಿ ಇಟ್ಟುಕೊಂಡಿತು. ಚೀನಾದ ಚಕ್ರವರ್ತಿಗೆ ಕಾಣಿಕೆ ಒಪ್ಪಿಸುವ ಹಳೆಯ ಪದ್ಧತಿಯನ್ನು ರ್ಯೂಕ್ಯೂ ಮುಂದುವರಿಸುತ್ತಲೇ ಸತ್ಸುಮಾಕ್ಕೂ ಕಪ್ಪ ಕಟ್ಟಬೇಕಾಯಿತು. ಈ ಹೊರೆಯ ಒಂದು ಭಾಗ ದೂರದ ಮಿಯಾಕೊ, ಯಾಯೆಯಾಮ ದ್ವೀಪಗಳ ಮೇಲೆ ಬಿತ್ತು. ಬೆಳೆ ಎಷ್ಟಾಯಿತೆಂದು ನೋಡದೆ 15ರಿಂದ 50 ವರ್ಷದೊಳಗಿನ ಪ್ರತಿಯೊಬ್ಬರಿಂದಲೂ ತಲೆಗಿಷ್ಟೆಂದು ವಸೂಲು ಮಾಡುವ ಈ ತಲೆಗಂದಾಯ 1637ರಲ್ಲಿ ಆರಂಭವಾಗಿ, ರಾಜ್ಯವೇ ಅಳಿದ ಮೇಲೂ ಮುಂದುವರಿದು 1903ರಲ್ಲಿ ರದ್ದಾಯಿತು. ಗಂಡಸರು ಧಾನ್ಯವನ್ನೂ ಹೆಂಗಸರು ಬಟ್ಟೆಯನ್ನೂ ಕಟ್ಟಬೇಕಿತ್ತು. ಗದ್ದೆಗೆ ನೀರಿಲ್ಲದ ತಾಕೆತೊಮಿಯ ಗಂಡಸರು ಸಣ್ಣ ದೋಣಿಗಳಲ್ಲಿ ಸಮುದ್ರ ದಾಟಿ ಇರಿಯೊಮೊತೆ ದ್ವೀಪದ ಕೊಳ್ಳಗಳಲ್ಲಿ ಭತ್ತ ಬೆಳೆದು ತೆರಿಗೆ ತೀರಿಸುತ್ತಿದ್ದರು. ಹೆಂಗಸರು ರೇಮಿ ಎಂಬ, ತುರಿಕೆಗಿಡದ ಕುಟುಂಬಕ್ಕೆ ಸೇರಿದ ಸಸ್ಯದ ನಾರನ್ನು ಉಗುರಿನಿಂದ ಸೀಳಿ, ಎಳೆಗೆ ಎಳೆ ಹೊಸೆದು, ಮಗ್ಗಕ್ಕೆ ಹಾಕಿ ನೇಯುತ್ತಿದ್ದರು. ನೇಯಬೇಕಾದ ವಿನ್ಯಾಸಗಳ ಚಿತ್ರಪುಸ್ತಕ ರಾಜಧಾನಿ ಶುರಿಯಿಂದ ಬರುತ್ತಿತ್ತು, ನೇಯ್ದದ್ದನ್ನು ಅಧಿಕಾರಿಗಳು ಅಳೆದು ನೋಡುತ್ತಿದ್ದರು. ಇಂದು ಯಾಯೆಯಾಮ ಜೋಫು ಎಂದು ಹೆಸರಾದ, ಬಿಳಿಯ ಮೈಮೇಲೆ ಕಂದು ಚಿತ್ತಾರದ, ಕೊನೆಗೆ ಸಮುದ್ರದ ನೀರಿನಲ್ಲಿ ಹರಡಿ ಬಣ್ಣ ನಿಲ್ಲಿಸುವ ಆ ತೆಳುವಾದ ಬಟ್ಟೆಯ ಕುಸುರಿ ಇಂಥ ಕಣ್ಗಾವಲಿನಲ್ಲಿ ಪಳಗಿದ್ದು. ತನ್ನವನಿಗೆಂದು ಹೆಣ್ಣು ನೇಯುತ್ತಿದ್ದ ಮಿನ್ಸಾ ಎಂಬ ಹತ್ತಿಯ ನಡುಪಟ್ಟಿ ಇದಕ್ಕಿಂತ ಬೇರೆ ಬಗೆಯದು: ಐದು ಚೌಕ, ನಾಲ್ಕು ಚೌಕಗಳ ಸಾಲು ಎಂದೆಂದಿಗೂ ಜೊತೆಗಿರು ಎಂಬುದಕ್ಕೂ, ಅಂಚಿನ ಜರಿಹುಳುವಿನ ಕಾಲುಗಳಂಥ ಗೆರೆಗಳು ಆಗಾಗ ಬಂದು ಹೋಗು ಎಂಬುದಕ್ಕೂ ಸಂಕೇತ.

ಕೆಲಸಗಾರರ ಕೊರತೆ ಇದ್ದಲ್ಲಿಗೆ ಆಡಳಿತವು ಜನರನ್ನೇ ಎತ್ತಿ ಸಾಗಿಸುತ್ತಿತ್ತು. ಕುರೊಶಿಮಾ ದ್ವೀಪದ ಅರ್ಧ ಊರನ್ನು 1732ರಲ್ಲಿ ಇಶಿಗಾಕಿಯ ನೊಸೊಕೊ ಎಂಬಲ್ಲಿಗೆ ಕಳಿಸಿದಾಗ ಊರಿನ ನಡುವೆ ಗೆರೆ ಎಳೆದರೆಂದೂ, ಮಾಪೆ ಎಂಬ ಹುಡುಗಿ ಗೆರೆಯ ಈಚೆಗೂ ಅವಳ ನಲ್ಲ ಆಚೆಗೂ ಉಳಿದರೆಂದೂ ಜನಪದ ಕಥೆ ಹೇಳುತ್ತದೆ. ಹೊಸ ಊರಿನ ಬೆಟ್ಟವೇರಿದರೆ ತನ್ನ ದ್ವೀಪ ಕಂಡೀತೆಂದು ಹತ್ತಿದ ಅವಳ ನೋಟಕ್ಕೆ 526 ಮೀಟರ್ ಎತ್ತರದ ಒಮೊತೊ ಬೆಟ್ಟ ಅಡ್ಡ ನಿಂತಿತಂತೆ. ಅವಳು ಅಲ್ಲೇ ಕಲ್ಲಾದಳೆಂದು ನೊಸೊಕೊ ಬೆಟ್ಟದ ತುದಿಯ ಬಂಡೆಯನ್ನು ಈಗಲೂ ತೋರಿಸುತ್ತಾರೆ. ಹಾವಿನ ಚರ್ಮ ಬಿಗಿದ ಸಾನ್‌ಶಿನ್ ಎಂಬ ಮೂರು ತಂತಿಯ ವಾದ್ಯದೊಂದಿಗೆ ಹಾಡುವ ಈ ಭಾಗದ ಎಷ್ಟೋ ಹಾಡುಗಳು ಇಂಥ ಅಗಲಿಕೆಗಳವೇ ಆಗಿದ್ದು, ರಾಗ ಲವಲವಿಕೆಯದೆಂದು ಕೇಳುವವರು ಸಂತೋಷದ ಹಾಡೆಂದೇ ತಿಳಿಯುವುದುಂಟು.

ತಾಕೆತೊಮಿಯ ಕೇರಿ ಇಂದಿನ ರೂಪದಲ್ಲಿ ಉಳಿದದ್ದು ಊರವರ ಹಟದಿಂದ. ಓಕಿನಾವಾ ಜಪಾನಿಗೆ ಮರಳುವ ಹೊತ್ತಿಗೆ, 1971ರಲ್ಲಿ, ದೀರ್ಘ ಬರಗಾಲವೂ ಅದರ ಬೆನ್ನಿಗೇ ದೊಡ್ಡ ಚಂಡಮಾರುತವೂ ಬಂದು ರೈತರು ಕಂಗಾಲಾದರು. ಹೊರಗಿನ ಬಂಡವಾಳಗಾರರು ವಿಹಾರಧಾಮಗಳಿಗೆಂದು ಅಗ್ಗಕ್ಕೆ ಭೂಮಿ ಕೊಳ್ಳತೊಡಗಿದರು. ಇದರ ವಿರುದ್ಧ ಎದ್ದ ಚಳವಳಿ 1986ರಲ್ಲಿ ದ್ವೀಪದ ಸನ್ನದಾಗಿ ರೂಪುಗೊಂಡು, ಭೂಮಿಯನ್ನು ಮಾರಬಾರದು, ಕೊಳೆ ಮಾಡಬಾರದು, ಶಿಸ್ತು ಕೆಡಿಸಬಾರದು, ಒಡೆಯಬಾರದು, ಇರುವುದನ್ನು ಬಳಸಿ ಬಾಳಬೇಕು ಎಂಬ ನಿಯಮಗಳನ್ನು ಊರು ತನಗೆ ತಾನೇ ವಿಧಿಸಿಕೊಂಡಿತು. ಮರುವರ್ಷ ಸರ್ಕಾರ ಇದನ್ನು ಸಂರಕ್ಷಿತ ಪಾರಂಪರಿಕ ಕಟ್ಟಡಗಳ ವಲಯವೆಂದು ಘೋಷಿಸಿತು. ಮನೆ ದುರಸ್ತಿಗೂ ಊರಿನ ಒಪ್ಪಿಗೆ ಬೇಕಾಗುವ ಈ ಕಟ್ಟುಪಾಡು ಎಲ್ಲರಿಗೂ ಹಿತವಾಗಿರಲಾರದು, ಆದರೂ ಸುತ್ತಲಿನ ಬೇರೆ ದ್ವೀಪಗಳಲ್ಲಿ ಎದ್ದಿರುವ ಕಾಂಕ್ರೀಟಿನ ಕಟ್ಟಡಗಳನ್ನು ಕಂಡ ಮೇಲೆ ಅದರ ತರ್ಕ ಮನದಟ್ಟಾಗುತ್ತದೆ.

ಇಲ್ಲಿಯ ದೇವರಿಗೆ ಗುಡಿಯಾಗಲಿ ವಿಗ್ರಹವಾಗಲಿ ಮುಖ್ಯವಲ್ಲ. ರ್ಯೂಕ್ಯೂವಿನಲ್ಲಿ ಉತಾಕಿ ಎಂದೂ ಯಾಯೆಯಾಮದಲ್ಲಿ ಒನ್ ಎಂದೂ ಕರೆಯುವ ಪವಿತ್ರ ವನಗಳಲ್ಲಿ ಮರಗಳ ನಡುವೆ ಒಂದು ಕಲ್ಲು, ಒಂದು ಧೂಪದ ಬಟ್ಟಲು ಇದ್ದರೆ ಸಾಕು. ಪೂಜೆಯ ಅಧಿಕಾರವಿರುವುದು ಹೆಂಗಸರಿಗೆ, ಒಳಭಾಗಕ್ಕೆ ಗಂಡಸರ ಪ್ರವೇಶ ನಿಷಿದ್ಧ. ಕೊಡಗಿನ ದೇವರಕಾಡುಗಳನ್ನೂ ಕರಾವಳಿಯ ನಾಗಬನಗಳನ್ನೂ ಬಲ್ಲ ಕನ್ನಡಿಗರಿಗೆ ವನವೇ ದೇವಸ್ಥಾನವೆಂಬುದು ಹೊಸತೆನಿಸದು, ಹೆಂಗಸರಿಗೇ ಮೀಸಲಾದ ಪೌರೋಹಿತ್ಯ ಮಾತ್ರ ವಿಶೇಷವೆನಿಸೀತು. ತಾಕೆತೊಮಿಯ ದೊಡ್ಡ ಹಬ್ಬ ತಾನಾದುಯಿ, ಅಂದರೆ ಬಿತ್ತನೆಯ ಹಬ್ಬ. ಭತ್ತದ ನಾಡೆಂದು ಹೆಸರಾದ ಜಪಾನಿನ ಈ ಮೂಲೆಯಲ್ಲಿ ಹಬ್ಬದಂದು ಬಿತ್ತುವುದು ನವಣೆಯನ್ನು; ಹವಳದ ಕಲ್ಲಿನ ತೆಳುಮಣ್ಣಿನಲ್ಲಿ ಬೆಳೆಯುವ ಧಾನ್ಯ ಅದು. ಎರಡು ದಿನ ದೇವರಿಗೆ ಅರ್ಪಣೆಯಾಗಿ ಕುಣಿತ, ಹಾಸ್ಯ, ನಾಟಕಗಳು ಬೆಳಗಿನಿಂದ ಸಂಜೆಯವರೆಗೆ ಸಾಗುತ್ತವೆ, ಊರು ಬಿಟ್ಟು ನಗರ ಸೇರಿದವರೂ ಹಬ್ಬಕ್ಕೆ ಮರಳುತ್ತಾರೆ. ಹಾಡಿನ ನುಡಿ ಮಾತ್ರ ಕುಗ್ಗುತ್ತಿದೆ. ಯುನೆಸ್ಕೊ 2009ರಲ್ಲಿ ಅಳಿವಿನ ಅಂಚಿನ ಭಾಷೆಗಳ ಪಟ್ಟಿಗೆ ರ್ಯೂಕ್ಯೂವಿನ ಆರು ಭಾಷೆಗಳನ್ನು ಸೇರಿಸಿದಾಗ ಅವುಗಳಲ್ಲಿ ಯಾಯೆಯಾಮ ಮತ್ತು ಯೊನಾಗುನಿ ನುಡಿಗಳ ಸ್ಥಿತಿ ಉಳಿದವುಗಳಿಗಿಂತ ಗಂಭೀರವೆಂದು ಗುರುತಿಸಿತು. ಒಂದು ಕಾಲದಲ್ಲಿ ಓಕಿನಾವಾದ ಶಾಲೆಗಳಲ್ಲಿ ಮನೆಮಾತನ್ನಾಡಿದ ಮಗುವಿನ ಕೊರಳಿಗೆ ಶಿಕ್ಷೆಯಾಗಿ ಮರದ ಫಲಕ ತೂಗಿಹಾಕುತ್ತಿದ್ದರು.

ತಾಕೆತೊಮಿಯವರು ಭತ್ತ ಬೆಳೆಯಲು ಹೋಗುತ್ತಿದ್ದ ಇರಿಯೊಮೊತೆ ಎಲ್ಲ ಬಗೆಯಲ್ಲೂ ಇದಕ್ಕೆ ಎದುರು. 289 ಚದರ ಕಿಲೋಮೀಟರ್ ವಿಸ್ತಾರದ ಆ ದ್ವೀಪದ ಸುಮಾರು ಶೇಕಡ 90ರಷ್ಟು ಕಾಡು. ಜನಸಂಖ್ಯೆ ಎರಡೂವರೆ ಸಾವಿರದ ಒಳಗೆ, ಅವರೂ ಕರಾವಳಿಯ ಅಂಚಿನಲ್ಲೇ. ದ್ವೀಪವನ್ನು ಪೂರ್ತಿ ಸುತ್ತುವ ರಸ್ತೆಯಿಲ್ಲ. ಉರಾಉಚಿ, ನಾಕಾಮಾ ಹೊಳೆಗಳು ಕಡಲು ಸೇರುವ ಕಡೆ ಕಾಂಡ್ಲಾಕಾಡು, ಅಂದರೆ ಉಪ್ಪುನೀರಿನಲ್ಲಿ ಬೇರೂರಬಲ್ಲ ಮ್ಯಾಂಗ್ರೋವ್ ಮರಗಳ ಕಾಡು, ದಟ್ಟವಾಗಿ ಬೆಳೆದಿದೆ. ಇಲ್ಲಿಯ ಕಂಡೇಲಿಯಾ ಕುಲದ ಮರವೂ ಭಾರತದ ಪಶ್ಚಿಮ ಕರಾವಳಿಯ ಅಳಿವೆಗಳಲ್ಲಿ ಬೆಳೆಯುವ ಕಂಡೇಲಿಯಾವೂ ಒಂದೇ ಪ್ರಭೇದವೆಂದು ಸಸ್ಯಶಾಸ್ತ್ರಜ್ಞರು 2003ರವರೆಗೆ ಎಣಿಸಿದ್ದರು. ಆ ವರ್ಷ ಅವುಗಳನ್ನು ಬೇರ್ಪಡಿಸಿ ಪೂರ್ವ ಏಷ್ಯಾದ್ದಕ್ಕೆ ಹೊಸ ಹೆಸರಿಟ್ಟರು. ಇಳಿತದ ಹೊತ್ತಿನಲ್ಲಿ ದೋಣಿಯನ್ನು ದಂಡೆಗೆ ತಂದರೆ ಕಮಾನಿನಂತೆ ಇಳಿಬಿದ್ದ ಊರೆಬೇರುಗಳ ನಡುವಿನ ಕೆಸರಿನಲ್ಲಿ ಒಂದು ಕೈ ಮಾತ್ರ ದೊಡ್ಡದಾಗಿರುವ ಸಣ್ಣ ಏಡಿಗಳು ಆ ಕೈಯನ್ನು ಎತ್ತಿ ಇಳಿಸುತ್ತಿರುವುದೂ, ಮರದಲ್ಲೇ ಮೊಳೆತ ಕಾಯಿ ಉದ್ದನೆಯ ಹಸುರು ಕಡ್ಡಿಯಾಗಿ ಜೋತು ಬಿದ್ದು ಕೆಸರಿಗೆ ನಾಟಿಕೊಳ್ಳಲು ಕಾದಿರುವುದೂ ಕಾಣುತ್ತವೆ. ಜೂನ್ ಕೊನೆಯಿಂದ ಜುಲೈವರೆಗೆ ಸಗಾರಿಬಾನಾ ಮರ ಜೋತುಬಿದ್ದ ಗೊಂಚಲುಗಳಲ್ಲಿ ರಾತ್ರಿ ಹೂಬಿಟ್ಟು ನಸುಕಿಗೆ ಉದುರಿಸುತ್ತದೆ. ಕೇರಳ, ಕರ್ನಾಟಕಗಳ ಹಿನ್ನೀರಿನ ದಂಡೆಗಳಲ್ಲೂ ಬೆಳೆಯುವ ಜಾತಿ ಇದು, ಆದರೆ ಅದರ ಹೂ ನೋಡಲೆಂದು ಬೆಳಗಿನ ಜಾವ ದೋಣಿ ಹತ್ತುವ ಪದ್ಧತಿ ನಮ್ಮಲ್ಲಿಲ್ಲ.

ಇರಿಯೊಮೊತೆಗೆ ಲೋಕದ ಗಮನ ತಂದದ್ದು ಒಂದು ಕಾಡುಬೆಕ್ಕು. ಊರವರಿಗೆ ಮೊದಲಿನಿಂದ ಗೊತ್ತಿದ್ದ ಈ ಪ್ರಾಣಿಯ ಕುರುಹುಗಳನ್ನು 1965ರಲ್ಲಿ ತೊಗಾವಾ ಯುಕಿಯೊ ಎಂಬ ಲೇಖಕ ಸಂಗ್ರಹಿಸಿ ತಜ್ಞರಿಗೆ ಮುಟ್ಟಿಸಿದ ಮೇಲೆ, ಪ್ರಾಣಿಶಾಸ್ತ್ರಜ್ಞ ಇಮಾಇಜುಮಿ ಯೊಶಿನೊರಿ 1967ರಲ್ಲಿ ಅದನ್ನು ಹೊಸ ಕುಲವೆಂದೇ ವಿವರಿಸಿದರು. ಅನಂತರದ ಅಧ್ಯಯನಗಳು ಅದು ಪಶ್ಚಿಮ ಘಟ್ಟದಲ್ಲೂ ಇರುವ ಚಿರತೆಬೆಕ್ಕಿನ ಉಪಪ್ರಭೇದವೆಂದು ತೋರಿಸಿವೆ. ಆದರೆ ಅದರ ಮಹತ್ವ ಇದರಿಂದ ಕುಗ್ಗುವುದಿಲ್ಲ, ಏಕೆಂದರೆ ಇಷ್ಟು ಪುಟ್ಟ ದ್ವೀಪದಲ್ಲಿ ಬೇಟೆಯಾಡಿ ಬದುಕುವ ಬೆಕ್ಕು ಉಳಿದಿರುವುದೇ ಅಚ್ಚರಿ. ಸಣ್ಣ ಕಾಡುಬೆಕ್ಕುಗಳು ಸಾಮಾನ್ಯವಾಗಿ ಇಲಿಗಳನ್ನೇ ನಂಬಿರುತ್ತವೆ. ಮೂಲದಲ್ಲಿ ಇಲಿಗಳಿಲ್ಲದ ಇರಿಯೊಮೊತೆಯಲ್ಲಿ ಇದು ಕಪ್ಪೆ, ಹಲ್ಲಿ, ಹಾವು, ಹಕ್ಕಿ, ಮಿಡತೆ, ಸೀಗಡಿಗಳನ್ನೆಲ್ಲ ತಿನ್ನಲು ಕಲಿತು, ನೀರಿಗಿಳಿಯಲು ಹಿಂಜರಿಯದ ಬೆಕ್ಕಾಗಿದೆ. ಉಳಿದಿರುವುದು ನೂರರ ಆಸುಪಾಸು. ಅವುಗಳಿಗೆ ದೊಡ್ಡ ಕುತ್ತು ವಾಹನ. ಆದ್ದರಿಂದ ಬೆಕ್ಕು ದಾಟಲೆಂದು ರಸ್ತೆಯಡಿ ಸುರಂಗದಾರಿಗಳನ್ನು ಮಾಡಿ, ವೇಗ ತಗ್ಗಿಸಿ ಎಂಬ ಫಲಕಗಳನ್ನು ಹಾಕಲಾಗಿದೆ. ಇರಿಯೊಮೊತೆಯೂ ಸೇರಿ ರ್ಯೂಕ್ಯೂವಿನ ನಾಲ್ಕು ಪ್ರದೇಶಗಳು 2021ರಲ್ಲಿ ವಿಶ್ವ ನೈಸರ್ಗಿಕ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಬರುವವರ ಸಂಖ್ಯೆಗೆ ಕಡಿವಾಣ ಹಾಕುವುದೇ ದೊಡ್ಡ ಪ್ರಶ್ನೆಯಾಗಿದೆ.

ಈ ಕಾಡು ಉಳಿದದ್ದು ಕೇವಲ ಯಾರದೋ ಪ್ರಕೃತಿಪ್ರೇಮದಿಂದಲ್ಲ. ಇರಿಯೊಮೊತೆ ಶತಮಾನಗಳ ಕಾಲ ಮಲೇರಿಯಾದ ನೆಲೆಯಾಗಿತ್ತು. ಆಡಳಿತ ಬಲವಂತದಿಂದ ನೆಲೆಗೊಳಿಸಿದ ಊರುಗಳು ಜ್ವರಕ್ಕೆ ತುತ್ತಾಗಿ ಒಂದೊಂದಾಗಿ ಪಾಳುಬಿದ್ದವು. ಉರಾಉಚಿ ಹೊಳೆಯ ಉಪನದಿಯ ದಂಡೆಯಲ್ಲಿ ಉತಾರಾ ಕಲ್ಲಿದ್ದಲು ಗಣಿಯ ಅವಶೇಷಗಳಿವೆ. ಜಪಾನಿನ ಬೇರೆ ಭಾಗಗಳಿಂದಲೂ ತೈವಾನಿನಿಂದಲೂ ಆಸೆ ತೋರಿಸಿ ತಂದ ಕೂಲಿಗಳು ಇಲ್ಲಿ ಸಾಲದ ಬಲೆಯಲ್ಲೂ ಜ್ವರದಲ್ಲೂ ಸಿಕ್ಕಿ ದುಡಿದರು, ಅನೇಕರು ಮರಳಲಿಲ್ಲ. ಕಲ್ಲಿದ್ದಲು ಸಾಗಿಸುವ ಹಳಿಗಳನ್ನು ಹೊತ್ತಿದ್ದ ಇಟ್ಟಿಗೆಯ ಕಂಬಗಳನ್ನು ಇಂದು ಗಾಜುಮಾರು ಎಂಬ, ಆಲದ ಜಾತಿಗೆ ಸೇರಿದ ಮರದ ಬೇರುಗಳು ಮೇಲಿಂದ ಕೆಳಗಿನವರೆಗೆ ಅಪ್ಪಿಕೊಂಡಿದ್ದು, ಕೆಲವೆಡೆ ಇಟ್ಟಿಗೆ ಎಲ್ಲಿ ಮುಗಿಯಿತು, ಮರ ಎಲ್ಲಿ ಮೊದಲಾಯಿತು ಎಂದು ತಿಳಿಯುವುದಿಲ್ಲ.

ಇದಕ್ಕಿಂತ ಕ್ರೂರವಾದದ್ದು 1945ರ ಕಥೆ. ಓಕಿನಾವಾದ ಮುಖ್ಯದ್ವೀಪದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಭೂಯುದ್ಧ ಯಾಯೆಯಾಮಕ್ಕೆ ಬರಲಿಲ್ಲ. ಆದರೆ ಶತ್ರುಗಳು ಇಳಿಯಬಹುದೆಂದು ಜಪಾನಿ ಸೇನೆ ಜನರನ್ನು ಮಲೇರಿಯಾ ಪೀಡಿತ ಪ್ರದೇಶಗಳಿಗೆ ಬಲವಂತವಾಗಿ ಕಳಿಸಿತು. ಜ್ವರವೇ ಇರದಿದ್ದ ಹತೆರುಮ ದ್ವೀಪದ ಜನರನ್ನು ಇರಿಯೊಮೊತೆಯ ದಕ್ಷಿಣ ದಡಕ್ಕೆ ಅಟ್ಟಲಾಯಿತು. ಹತೆರುಮದ ಸುಮಾರು ಮೂರರಲ್ಲಿ ಒಂದು ಭಾಗದಷ್ಟು ಜನ ಸತ್ತರು. ಯಾಯೆಯಾಮದಲ್ಲಿ ಒಟ್ಟು 3,600ಕ್ಕೂ ಹೆಚ್ಚು ಮಂದಿ ಹೀಗೆ ತೀರಿಕೊಂಡರು. ಮಕ್ಕಳೊಡನೆ ಇರಿಯೊಮೊತೆಯಲ್ಲಿದ್ದ ಹತೆರುಮ ಶಾಲೆಯ ಮುಖ್ಯೋಪಾಧ್ಯಾಯರು ಹಿಂತಿರುಗುವ ಮೊದಲು ಕಡಲದಂಡೆಯ ಬಂಡೆಯ ಮೇಲೆ ಹತೆರುಮವನ್ನು ಸಂಬೋಧಿಸಿ ಮರೆಯದಿರೆಂದು ಕೊರೆದರು. ಜಪಾನಿನ ಜನವಸತಿಯಿರುವ ದ್ವೀಪಗಳಲ್ಲಿ ದಕ್ಷಿಣದ ಕೊನೆಯದೆಂದು, ದಕ್ಷಿಣ ಶಿಲುಬೆಯ ನಕ್ಷತ್ರಪುಂಜ ಕಾಣುವ ಜಾಗವೆಂದು ಹತೆರುಮಕ್ಕೆ ಹೋಗುವವರು ಇಂದು ಅನೇಕರು. ಅಲ್ಲಿ ಕಬ್ಬಿನ ಹಾಲಿಗೆ ಸುಣ್ಣ ಬೆರೆಸಿ ಕುದಿಸಿ ಮಾಡುವ ಕಪ್ಪುಬೆಲ್ಲ ಹೆಸರುವಾಸಿ. ಓಕಿನಾವಾ ಪ್ರಾಂತದಲ್ಲಿ ಇಂಥ ಬೆಲ್ಲದ ಕಾರ್ಖಾನೆಗಳಿರುವುದು ಎಂಟು ದ್ವೀಪಗಳಲ್ಲಿ ಮಾತ್ರ. ಊಟದ ಮಟ್ಟಿಗೆ ಹೇಳುವುದಾದರೆ ಹಾಗಲಕಾಯಿಯನ್ನು ತೋಫು, ಮೊಟ್ಟೆಗಳೊಂದಿಗೆ ಹುರಿದ ಗೋಯಾ ಚಂಪುರು ಎಲ್ಲೆಡೆ ಸಿಗುತ್ತದೆ.

ಇಶಿಗಾಕಿ ಮತ್ತು ಇರಿಯೊಮೊತೆಗಳ ನಡುವಿನ ಆಳವಿಲ್ಲದ ಕಡಲು ಸೆಕಿಸೇ ಲಗೂನ್. ಜಪಾನಿನ ಅತಿ ದೊಡ್ಡ ಹವಳದಿಬ್ಬ ಇರುವುದು ಇಲ್ಲಿ. ಹವಳದ ಜೀವಿಗಳು ತಮ್ಮ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿಯಿಂದ ಆಹಾರವನ್ನೂ ಬಣ್ಣವನ್ನೂ ಪಡೆಯುತ್ತವೆ. ನೀರು ಬಹಳ ದಿನ ಅತಿಯಾಗಿ ಕಾದರೆ ಆ ಪಾಚಿ ಹೊರಹೋಗಿ ಹವಳ ಬಿಳಿಚಿಕೊಳ್ಳುತ್ತದೆ, ಶಾಖ ಇಳಿಯದಿದ್ದರೆ ಸಾಯುತ್ತದೆ. 2016ರ ಬೇಸಿಗೆಯಲ್ಲಿ ಹೀಗಾಗಿ ಈ ಲಗೂನಿನ ಹವಳದಲ್ಲಿ ಸುಮಾರು ಶೇಕಡ 70ರಷ್ಟು ಸತ್ತಿದೆಯೆಂದು ಜಪಾನಿನ ಪರಿಸರ ಸಚಿವಾಲಯದ ಸಮೀಕ್ಷೆ ಕಂಡುಕೊಂಡಿತು.

ಇಶಿಗಾಕಿಯ ಪೂರ್ವ ದಡದ ಶಿರಾಹೊ ಊರಿನ ಮುಂದಿನ ಹವಳದಿಬ್ಬ ನೀಲಿ ಹವಳದ ದೊಡ್ಡ ಸಮುದಾಯಕ್ಕೆ ಪ್ರಸಿದ್ಧ. ಅದನ್ನು ತುಂಬಿಸಿ ವಿಮಾನ ನಿಲ್ದಾಣ ಕಟ್ಟುವ ಯೋಜನೆ 1979ರಲ್ಲಿ ಹೊರಬಿದ್ದಾಗ ಮೀನುಗಾರರೂ ವಿಜ್ಞಾನಿಗಳೂ ಹೂಡಿದ ಪ್ರತಿಭಟನೆ ದಶಕಗಟ್ಟಲೆ ನಡೆದು, ಕೊನೆಗೆ ನಿಲ್ದಾಣ ನೆಲದ ಮೇಲೆಯೇ ತಲೆಯೆತ್ತಿ 2013ರಲ್ಲಿ ತೆರೆಯಿತು. ದಿಬ್ಬ ಉಳಿಯಿತು, ಆದರೆ ಹೊಸ ನಿಲ್ದಾಣ ತರುವ ಪ್ರವಾಸಿಗರೂ ಅವರಿಗಾಗಿ ಏಳುವ ಹೋಟೆಲುಗಳೂ ಅದರ ಮೇಲೆ ಬೇರೆ ಬಗೆಯ ಒತ್ತಡ ತಂದಿವೆ. ಇದಕ್ಕೂ ಹಳೆಯ ಕಾಟವೊಂದಿದೆ: ಓಕಿನಾವಾ ಜಪಾನಿಗೆ ಮರಳಿದ ಮೇಲೆ ಭೂಸುಧಾರಣೆಯ ಹೆಸರಿನಲ್ಲಿ ಅಗಲಗೊಳಿಸಿದ ಕಬ್ಬಿನ ಹೊಲಗಳಿಂದ ಜೋರು ಮಳೆಗೆ ಕೊಚ್ಚಿಬರುವ ಕೆಂಪುಮಣ್ಣು ಹವಳದ ಮೇಲೆ ಕೂತು ಬೆಳಕನ್ನು ತಡೆಯುತ್ತದೆ. ಶಿರಾಹೊದವರು ಇದಕ್ಕೆ ಹೊಲದ ಬದುಗಳಲ್ಲಿ ಗೆತ್ತೊ ಎಂಬ ಶುಂಠಿ ಜಾತಿಯ ಗಿಡವನ್ನು ಸಾಲಾಗಿ ನೆಡುತ್ತಿದ್ದಾರೆ. ಅಗಲವಾದ, ಪರಿಮಳದ ಅದರ ಎಲೆಯಲ್ಲಿ ಓಕಿನಾವಾದವರು ಅಕ್ಕಿಹಿಟ್ಟಿನ ಕಡುಬನ್ನು ಸುತ್ತಿ ಬೇಯಿಸುತ್ತಾರೆ. ಒತ್ತಾದ ಬೇರುಗಳು ಮಣ್ಣನ್ನು ಹಿಡಿದು ನಿಲ್ಲಿಸುತ್ತವೆ. ಕಾದ ನೀರಿಗೆ ಇದು ಮದ್ದಲ್ಲ. ಆದರೂ ಮಣ್ಣಿನ ಕಾಟವಿಲ್ಲದ ಕಡೆ ಸತ್ತ ಹವಳದ ಜಾಗದಲ್ಲಿ ಹೊಸದು ಬೇಗ ಬೇರೂರುತ್ತದೆಂಬ ಕಾರಣಕ್ಕೆ ನೆಡುವ ಕೆಲಸ ನಿಂತಿಲ್ಲ; ಹೊಲದ ಅಂಚಿನಲ್ಲಿ ಒಂದು ಸಾಲು ಕಬ್ಬನ್ನು ಬಿಟ್ಟುಕೊಡಲು ಒಪ್ಪುವ ರೈತರನ್ನು ಹುಡುಕುವುದೇ ಅದರಲ್ಲಿ ಕಷ್ಟದ ಭಾಗ.